ಬಂದ ದಾರಿಗೆ ಹಿಂತಿರುಗುವ ಲೆಕ್ಕ

(ಪಿಯುಸಿ ವಿದ್ಯಾರ್ಥಿಗಳು, ಅವರ ಮನೆಯವರು, ಹೈಸ್ಕೂಲು ಶಿಕ್ಷಕರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಬೋರ್ಡಿನ ಮೇಲೆ ಬರೆದದ್ದನ್ನು ಇಲ್ಲಿ ಸಾಲುಗಳ ಒಳಗೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನೇರವಾಗಿ ಲೆಕ್ಕಕ್ಕೇ ಬರೋಣ. ಮನಸ್ಸಿನಲ್ಲಿ ಒಂದು ಸಂಖ್ಯೆ ಇಟ್ಟುಕೊಳ್ಳಿ. ಅದನ್ನು 3ರಿಂದ ಗುಣಿಸಿ. ಬಂದದ್ದಕ್ಕೆ 7 ಕೂಡಿಸಿ. ಉತ್ತರ 37 ಬಂದಿದ್ದರೆ ನೀವು ಇಟ್ಟುಕೊಂಡದ್ದು 10. ಉತ್ತರ 22 ಬಂದಿದ್ದರೆ ಇಟ್ಟುಕೊಂಡದ್ದು 5. ಹೇಗೆ ಗೊತ್ತಾಯಿತು ಅಂತ ಏಳನೇ ಕ್ಲಾಸಿನ ಮಕ್ಕಳೂ ಹೇಳಬಲ್ಲರು. 37ರಲ್ಲಿ 7 ಕಳೆದರೆ 30. ಅದನ್ನು 3ರಿಂದ ಭಾಗಿಸಿದರೆ 10.

ಇದೇ ಲೆಕ್ಕವನ್ನು ಪಿಯುಸಿ ಪ್ರಶ್ನೆ ಮಾಡಿ ಕೊಡೋಣ. "ವೈ = 3ಎಕ್ಸ್ + 7 ಎಂಬ ಫಂಕ್ಷನ್ನಿನ ಇನ್ವರ್ಸ್ ಕಂಡುಹಿಡಿಯಿರಿ." ಈಗ ಅದೇ ಮಕ್ಕಳ ಅಣ್ಣ ಅಕ್ಕಂದಿರು ತಡವರಿಸುತ್ತಾರೆ. ಕೆಲವರು "ಎಕ್ಸ್/3 − 7" ಅಂತ ಬರೆಯುತ್ತಾರೆ. ಇನ್ನು ಕೆಲವರು 1ರ ಕೆಳಗೆ ಇಡೀ 3ಎಕ್ಸ್ + 7 ಬರೆದುಬಿಡುತ್ತಾರೆ. ಬಾಯಲ್ಲಿ ಸರಿಯಾಗಿ ಬಂದ ಲೆಕ್ಕ ಕಾಗದಕ್ಕೆ ಇಳಿಯುವಾಗ ತಪ್ಪಿಹೋಗುತ್ತದೆ. ಯಾಕೆ ಹೀಗಾಗುತ್ತದೆ, ಹೀಗಾಗದ ಹಾಗೆ ಹೇಗೆ ಕಲಿಯಬಹುದು ಅನ್ನುವುದೇ ಇವತ್ತಿನ ಮಾತು. ವಿಷಯ ಚಿಕ್ಕದು ಅನ್ನಿಸಬಹುದು. ಆದರೆ ಅಂಗಡಿ ಬಿಲ್ಲಿನಿಂದ ಗುಪ್ತಲಿಪಿಯವರೆಗೆ ಇದರ ಓಡಾಟ ಇದೆ.

ಫಂಕ್ಷನ್ ಅಂದರೆ ಒಂದು ನಿಯಮ. ಒಂದು ಸಂಖ್ಯೆ ಕೊಟ್ಟರೆ ಅದು ಒಂದೇ ಒಂದು ಸಂಖ್ಯೆಯನ್ನು ವಾಪಸ್ ಕೊಡುತ್ತದೆ. ಗ್ರಾಫಿನಲ್ಲಿ ನೇರ ಗೆರೆಯಾಗಿ ಕಾಣುವ ರೇಖಾತ್ಮಕ ಫಂಕ್ಷನ್ನಿನಲ್ಲಿ ಎರಡೇ ಕೆಲಸ: ಒಂದು ಗೊತ್ತಾದ ಸಂಖ್ಯೆಯಿಂದ ಗುಣಿಸುವುದು, ಇನ್ನೊಂದನ್ನು ಕೂಡಿಸುವುದು. ಇನ್ವರ್ಸ್ ಅಂದರೆ ಉತ್ತರದಿಂದ ಮೂಲ ಸಂಖ್ಯೆಗೆ ಹಿಂದಿರುಗುವ ನಿಯಮ. ಮಾಡಿದ ಪ್ರತಿ ಕೆಲಸವನ್ನೂ ಅಳಿಸಬೇಕು, ಕೊನೆಗೆ ಮಾಡಿದ್ದನ್ನು ಮೊದಲು ಅಳಿಸಬೇಕು. ಅಂಗಡಿಯವರು ಮೈಸೂರುಪಾಕನ್ನು ಕಾಗದದಲ್ಲಿ ಸುತ್ತಿ ಮೇಲೆ ದಾರ ಕಟ್ಟುತ್ತಾರೆ. ಮನೆಗೆ ಬಂದು ನಾವು ದಾರವನ್ನೇ ಮೊದಲು ಬಿಚ್ಚುತ್ತೇವೆ, ಅಲ್ವಾ?

"ಎಕ್ಸ್/3 − 7" ಬರೆದವರು ಅಳಿಸುವ ಕೆಲಸಗಳನ್ನು ಸರಿಯಾಗೇ ಗುರುತಿಸಿದ್ದಾರೆ. ಗುಣಾಕಾರಕ್ಕೆ ಭಾಗಾಕಾರ, ಸಂಕಲನಕ್ಕೆ ವ್ಯವಕಲನ. ತಪ್ಪಿರುವುದು ಸರದಿ ಮಾತ್ರ. 37 ಹಾಕಿ ನೋಡಿ. 37/3 ಅಂದರೆ ಸುಮಾರು 12.33. ಅದರಲ್ಲಿ 7 ಹೋದರೆ 5.33. ಬರಬೇಕಾದದ್ದು 10. ಮೊದಲು ಭಾಗಿಸಲೇಬಾರದು ಅಂತ ಏನೂ ಇಲ್ಲ. ಆದರೆ ಮೊದಲು ಭಾಗಿಸಿದರೆ ಆ 7 ಕೂಡ 3 ಪಾಲಾಗುತ್ತದೆ. ಆಗ ಕಳೆಯಬೇಕಾದದ್ದು 7/3. "ಎಕ್ಸ್/3 − 7/3" ಅಂತ ಬರೆದರೆ ಪೂರ್ತಿ ಸರಿ. ಈ ಒಂದು ಹೋಲಿಕೆಯನ್ನು ಕ್ಲಾಸಿನಲ್ಲಿ ಮಾಡಿಸಿದರೆ ಸಾಕು, ಮಕ್ಕಳಿಗೆ ಸರದಿಯ ಬೆಲೆ ಗೊತ್ತಾಗುತ್ತದೆ.

1ರ ಕೆಳಗೆ ಬರೆದವರದ್ದು ಬೇರೆ ತೊಂದರೆ. ಅದಕ್ಕೆ ಕಾರಣ ನಮ್ಮ ಬರವಣಿಗೆಯ ಗುರುತು. 3ರ ತಲೆಯ ಮೇಲೆ −1 ಬರೆದರೆ 1/3 ಅಂತ ಓದಲು ಕಲಿಸಿರುತ್ತೇವೆ. ಆಮೇಲೆ ಫಂಕ್ಷನ್ನಿನ ತಲೆಯ ಮೇಲೂ ಅದೇ −1 ಬರೆದು, ಇದು ಇನ್ವರ್ಸ್ ಅನ್ನುತ್ತೇವೆ. ಮಕ್ಕಳು ಗೊಂದಲಕ್ಕೆ ಬಿದ್ದರೆ ಅವರನ್ನು ಬೈದು ಏನು ಪ್ರಯೋಜನ? ಎರಡು ಕಡೆಯೂ ಅದು "ಮಾಡಿದ್ದನ್ನು ಅಳಿಸುವುದು" ಅಂತಲೇ ಹೇಳುತ್ತದೆ. 3ರಿಂದ ಗುಣಿಸಿದ್ದನ್ನು ಅಳಿಸುವುದು 1/3. 3ರಿಂದ ಗುಣಿಸಿ 7 ಕೂಡಿಸಿದ್ದನ್ನು ಅಳಿಸುವುದು ಬೇರೆಯೇ ಒಂದು ನಿಯಮ. ಅನುಮಾನ ಬಂದರೆ 37 ಹಾಕಿ ನೋಡುವುದು. 10 ಬರದಿದ್ದರೆ ಅದು ಇನ್ವರ್ಸ್ ಅಲ್ಲ. ಇನ್ವರ್ಸ್ ಲೆಕ್ಕದ ದೊಡ್ಡ ಅನುಕೂಲವೇ ಇದು. ಉತ್ತರ ಸರಿಯೋ ತಪ್ಪೋ ಅಂತ ಮೇಷ್ಟ್ರನ್ನು ಕೇಳಬೇಕಾಗಿಲ್ಲ. ಒಂದು ಸಂಖ್ಯೆಯನ್ನು ಕಳಿಸಿ, ಅದು ವಾಪಸ್ ಮನೆ ಸೇರಿತಾ ನೋಡಿದರಾಯಿತು.

ಈ ಅಳಿಸುವ ವಿದ್ಯೆ ನಮ್ಮಲ್ಲಿ ಬಹಳ ಹಳೆಯದು. ಕ್ರಿ.ಶ. 499ರ ಕಾಲದ ಆರ್ಯಭಟ ತನ್ನ ಗ್ರಂಥದಲ್ಲಿ ಗಣಿತಕ್ಕೆ ಇಟ್ಟಿದ್ದು 33 ಶ್ಲೋಕ ಮಾತ್ರ. ವರ್ಗಮೂಲ, ಘನಮೂಲ, ವೃತ್ತದ ಪರಿಧಿ, ಶ್ರೇಢಿ ಎಲ್ಲವೂ ಅಷ್ಟರಲ್ಲೇ. ಅಷ್ಟು ಬಿಗಿಯಾದ ಜಾಗದಲ್ಲೂ ಒಂದು ಇಡೀ ಶ್ಲೋಕ ಹಿಮ್ಮುಖ ಲೆಕ್ಕಕ್ಕೆ ಹೋಗಿದೆ. ಗುಣಿಸಿದ್ದರೆ ಭಾಗಿಸು, ಭಾಗಿಸಿದ್ದರೆ ಗುಣಿಸು, ಕೂಡಿಸಿದ್ದರೆ ಕಳೆ, ಕಳೆದಿದ್ದರೆ ಕೂಡಿಸು ಅನ್ನುವುದು ಅದರ ಸಾರ. ಮೇಲ್ನೋಟಕ್ಕೆ ಇಷ್ಟು ಸರಳವಾದದ್ದಕ್ಕೆ ಆತ ಜಾಗ ಕೊಟ್ಟನಲ್ಲ, ಅದು ನನಗೆ ತುಂಬಾ ಹಿಡಿಸುತ್ತದೆ.

ಈಗ ಪಠ್ಯಪುಸ್ತಕದ ವಿಧಾನಕ್ಕೆ ಬರೋಣ. ಅನೇಕ ಗೈಡುಗಳಲ್ಲಿ ಮೂರು ಹೆಜ್ಜೆ ಇರುತ್ತದೆ. ವೈ = 3ಎಕ್ಸ್ + 7 ಅಂತ ಬರೆ. ಎಕ್ಸ್ ಮತ್ತು ವೈಯನ್ನು ಅದಲು ಬದಲು ಮಾಡು. ಆಮೇಲೆ ವೈಯನ್ನು ಬಿಡಿಸು. ಉತ್ತರ ಸರಿಯಾಗೇ ಬರುತ್ತದೆ, ಅಂಕವೂ ಸಿಗುತ್ತದೆ. ಆದರೆ ಆ ಎರಡನೇ ಹೆಜ್ಜೆ ಮಕ್ಕಳ ತಲೆಯಲ್ಲಿ ಮಾಡುವ ಕೆಡುಕು ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ. ಅಕ್ಷರ ಅದಲು ಬದಲು ಮಾಡುವುದೇ ಇನ್ವರ್ಸ್ ಅಂತ ಅವರು ನಂಬಿಬಿಡುತ್ತಾರೆ. ನಿಜವಾದ ಕೆಲಸ ಬಿಡಿಸುವುದರಲ್ಲಿದೆ. 3ಎಕ್ಸ್ + 7 = ವೈ, ಹಾಗಾದರೆ 3ಎಕ್ಸ್ = ವೈ − 7, ಹಾಗಾದರೆ ಎಕ್ಸ್ = (ವೈ − 7)/3. ಇಲ್ಲಿಗೆ ಇನ್ವರ್ಸ್ ಸಿಕ್ಕಿತು, ಕೆಲಸ ಮುಗಿಯಿತು. ಇದನ್ನು ವೈ = (ಎಕ್ಸ್ − 7)/3 ಅಂತ ಬರೆಯುವುದು ಒಳಗೆ ಹೋಗುವ ಸಂಖ್ಯೆಗೆ ಎಕ್ಸ್ ಅನ್ನುವ ರೂಢಿ ಇರುವುದರಿಂದ ಅಷ್ಟೇ.

ಅದಲು ಬದಲು ಎಲ್ಲಿ ಕೈಕೊಡುತ್ತದೆ ಅಂತ ನೋಡಬೇಕಾದರೆ ಮನೆಯ ಥರ್ಮಾಮೀಟರ್ ತೆಗೆದುಕೊಳ್ಳಿ. ಜ್ವರ ಬಂದಾಗ ನಮ್ಮಲ್ಲಿ ಇನ್ನೂ ನೂರು, ನೂರಾ ಎರಡು ಅಂತ ಫ್ಯಾರನ್‌ಹೀಟ್‌ನಲ್ಲೇ ಮಾತು. ಹವಾಮಾನ ವರದಿ ಸೆಲ್ಸಿಯಸ್‌ನಲ್ಲಿ. ಅಮೆರಿಕದಲ್ಲಿರುವ ಮಗಳು ಫೋನಿನಲ್ಲಿ "ಇವತ್ತು ಇಲ್ಲಿ ಎಪ್ಪತ್ತೈದು ಡಿಗ್ರಿ" ಅಂದರೆ ಊರಿನಲ್ಲಿರುವ ಅಮ್ಮ ಗಾಬರಿಯಾಗಬೇಕಿಲ್ಲ, ಅದು 24ರ ಹತ್ತಿರದ ಹಿತವಾದ ಹವೆ. ನಿಯಮ ಇದು: ಫ್ಯಾ = 9/5 × ಸೆ + 32. ಗುಣಿಸಿ ಕೂಡಿಸುವುದು. ಹಿಂದಕ್ಕೆ ಬರುವಾಗ ಮೊದಲು 32 ಕಳೆಯಬೇಕು, ಆಮೇಲೆ 5/9ರಿಂದ ಗುಣಿಸಬೇಕು. ಸೆ = 5/9 × (ಫ್ಯಾ − 32). 98.6ರಲ್ಲಿ 32 ಹೋದರೆ 66.6, ಅದರ ಒಂಬತ್ತರಲ್ಲಿ ಐದು ಪಾಲು 37. ಸರದಿ ತಪ್ಪಿಸಿ ಮೊದಲು ಗುಣಿಸಿ ಆಮೇಲೆ 32 ಕಳೆದರೆ 22.8 ಬರುತ್ತದೆ. ಆರೋಗ್ಯವಾಗಿರುವ ಮನುಷ್ಯನ ಮೈ ಅಷ್ಟು ತಣ್ಣಗೆ ಇರುವುದಿಲ್ಲ.

ಈ ಸೂತ್ರದಲ್ಲಿ ಫ್ಯಾ, ಸೆ ಎರಡನ್ನೂ ಅದಲು ಬದಲು ಮಾಡಿ ನೋಡಿ. ಸೆ = 9/5 × ಫ್ಯಾ + 32 ಆಗುತ್ತದೆ. ಇದು ಶುದ್ಧ ಸುಳ್ಳು. ಇದರ ಪ್ರಕಾರ 100 ಫ್ಯಾರನ್‌ಹೀಟ್ ಜ್ವರ 212 ಸೆಲ್ಸಿಯಸ್ ಆಗಬೇಕು. ಎಕ್ಸ್, ವೈ ಅನ್ನುವಾಗ ಅವು ಹೆಸರಿಲ್ಲದ ಸಂಖ್ಯೆಗಳು, ಅದಲು ಬದಲು ಮಾಡಿದರೂ ಯಾರೂ ಕೇಳುವುದಿಲ್ಲ. ಅಕ್ಷರದ ಹಿಂದೆ ನಿಜವಾದ ಅಳತೆ ಇದ್ದಾಗ ಬಿಡಿಸುವುದು ಮಾತ್ರ ಉಳಿಯುತ್ತದೆ. ಅದಕ್ಕೇ ಶಿಕ್ಷಕರಲ್ಲಿ ನನ್ನ ಕೋರಿಕೆ: ಮೊದಲು ಬಿಡಿಸುವುದನ್ನು ಕಲಿಸಿ. ಅಕ್ಷರ ಬದಲಿಸುವುದು ಕೊನೆಯಲ್ಲಿ ಬರಲಿ, ಗ್ರಾಫ್ ಬರೆಯುವ ಹೊತ್ತಿಗೆ.

ತಾಪಮಾನದಲ್ಲಿ ಇನ್ನೊಂದು ಎಡವಟ್ಟು ಆಗುವ ಜಾಗ ಇದೆ. 2015ರ ಪ್ಯಾರಿಸ್ ಒಪ್ಪಂದದಲ್ಲಿ ಭೂಮಿಯ ಬಿಸಿಯೇರಿಕೆಯನ್ನು 1.5 ಡಿಗ್ರಿ ಸೆಲ್ಸಿಯಸ್‌ಗೆ ಮಿತಿಗೊಳಿಸುವ ಮಾತು ಬರುತ್ತದೆ. ಅದನ್ನು ಫ್ಯಾರನ್‌ಹೀಟ್‌ಗೆ ತಿರುಗಿಸಿದರೆ 34.7 ಅಂತ ಕ್ಯಾಲ್ಕುಲೇಟರ್ ಹೇಳುತ್ತದೆ. ಸರಿಯಾದ ಉತ್ತರ 2.7. ಏರಿಕೆ ಅಂದರೆ ಎರಡು ತಾಪಮಾನಗಳ ವ್ಯತ್ಯಾಸ. ಎರಡರಲ್ಲೂ ಇರುವ 32 ಕಳೆದುಹೋಗುತ್ತದೆ. ಉಳಿಯುವುದು 9/5 ಎಂಬ ಗುಣಕ ಮಾತ್ರ, ಅಂದರೆ ಗೆರೆಯ ಇಳಿಜಾರು. ಹಿಂದಕ್ಕೆ ಬರುವಾಗ ಇಳಿಜಾರು 5/9 ಆಗುತ್ತದೆ. ಯಾವ ರೇಖಾತ್ಮಕ ಫಂಕ್ಷನ್ ತೆಗೆದುಕೊಂಡರೂ ಇಳಿಜಾರು ಹೀಗೆ ತಲೆಕೆಳಗಾಗುತ್ತದೆ.

ಇನ್ನು ನನಗೆ ತುಂಬಾ ಇಷ್ಟವಾದ ಜಾಗಕ್ಕೆ ಬರುತ್ತೇನೆ. ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಲೀಲಾವತಿಯಲ್ಲಿ ಹಿಮ್ಮುಖ ಲೆಕ್ಕದ ಒಂದು ಪ್ರಶ್ನೆ ಇದೆ. ಚಂಚಲ ಕಣ್ಣಿನ ಹುಡುಗಿಯೊಬ್ಬಳಿಗೆ ಕೇಳಿದ ಪ್ರಶ್ನೆ. ಒಂದು ಸಂಖ್ಯೆಯನ್ನು 3ರಿಂದ ಗುಣಿಸು. ಬಂದದ್ದಕ್ಕೆ ಅದರದೇ ಮುಕ್ಕಾಲು ಭಾಗ ಕೂಡಿಸು. 7ರಿಂದ ಭಾಗಿಸು. ಅದರದೇ ಮೂರನೇ ಒಂದು ಭಾಗ ಕಳೆ. ತನ್ನಿಂದಲೇ ಗುಣಿಸು. 52 ಕಳೆ. ವರ್ಗಮೂಲ ತೆಗೆ. 8 ಕೂಡಿಸು. 10ರಿಂದ ಭಾಗಿಸು. ಬಂದ ಉತ್ತರ 2. ಹಾಗಾದರೆ ಮೊದಲ ಸಂಖ್ಯೆ ಯಾವುದು?

ಕೊನೆಯಿಂದ ಹೊರಡೋಣ. 2ನ್ನು 10ರಿಂದ ಗುಣಿಸಿದರೆ 20. 8 ಕಳೆದರೆ 12. ವರ್ಗ ಮಾಡಿದರೆ 144. 52 ಕೂಡಿಸಿದರೆ 196. ವರ್ಗಮೂಲ 14. ಇಲ್ಲಿಯವರೆಗೆ ಸಲೀಸು. ಈಗ ಬರುವುದು "ಅದರದೇ ಮೂರನೇ ಒಂದು ಭಾಗ ಕಳೆ" ಅನ್ನುವುದನ್ನು ಅಳಿಸುವ ಕೆಲಸ. ಕಳೆದಿದ್ದರೆ ಕೂಡಿಸಬೇಕಲ್ವಾ ಅಂತ 14ಕ್ಕೆ 14ರ ಮೂರನೇ ಒಂದು ಭಾಗ ಕೂಡಿಸಿದರೆ ದಾರಿ ತಪ್ಪಿತು. ಯಾಕೆಂದರೆ ಹೋಗುವಾಗ ಕಳೆದದ್ದು 14ರ ಭಾಗವನ್ನಲ್ಲ, ಅದಕ್ಕೂ ಮುಂಚಿನ ಸಂಖ್ಯೆಯ ಭಾಗವನ್ನು. ಆ ಸಂಖ್ಯೆಯೇ ನಮಗೆ ಇನ್ನೂ ಗೊತ್ತಿಲ್ಲ.

ಭಾಸ್ಕರಾಚಾರ್ಯರು ಇದಕ್ಕೆ ಬೇರೆಯಾಗಿಯೇ ಒಂದು ಸೂತ್ರ ಕೊಟ್ಟಿದ್ದಾರೆ. ತನ್ನದೇ ಭಾಗವನ್ನು ಕೂಡಿಸಿದ್ದರೆ, ಹಿಂದೆ ಬರುವಾಗ ಛೇದಕ್ಕೆ ಅಂಶವನ್ನು ಕೂಡಿಸಿಕೊ. ತನ್ನದೇ ಭಾಗವನ್ನು ಕಳೆದಿದ್ದರೆ, ಛೇದದಿಂದ ಅಂಶವನ್ನು ಕಳೆದುಕೊ. ಅಂಶ ಇದ್ದ ಹಾಗೇ ಇರಲಿ. ನಮ್ಮ ಲೆಕ್ಕದಲ್ಲಿ ಕಳೆದದ್ದು 1/3. ಛೇದ 3ರಿಂದ 1 ಕಳೆದರೆ 2. ಹಾಗಾಗಿ ಕೂಡಿಸಬೇಕಾದದ್ದು 1/2. 14ಕ್ಕೆ ಅದರ ಅರ್ಧ 7 ಕೂಡಿಸಿದರೆ 21. ತಾಳೆ ನೋಡಿ: 21ರ ಮೂರನೇ ಒಂದು ಭಾಗ 7, ಕಳೆದರೆ 14. ಮುಂದೆ 21ನ್ನು 7ರಿಂದ ಗುಣಿಸಿದರೆ 147. ಮುಂದಿನದು 3/4 ಕೂಡಿಸಿದ್ದನ್ನು ಅಳಿಸುವುದು. ಛೇದ 4ಕ್ಕೆ ಅಂಶ 3 ಕೂಡಿಸಿದರೆ 7. ಹಾಗಾಗಿ 3/7 ಕಳೆಯಬೇಕು. 147ರ 3/7 ಅಂದರೆ 63, ಕಳೆದರೆ 84. ಅದನ್ನು 3ರಿಂದ ಭಾಗಿಸಿದರೆ 28. ಲೀಲಾವತಿಯ ಉತ್ತರವೂ 28.

ಈ ಸೂತ್ರ ಎಲ್ಲಿಂದ ಬಂತು ಅನ್ನುವುದು ಗುಣಕದ ರೂಪದಲ್ಲಿ ಬರೆದರೆ ತಕ್ಷಣ ಕಾಣುತ್ತದೆ. ಸಂಖ್ಯೆಗೆ ಅದರದೇ 3/4 ಕೂಡಿಸುವುದು ಅಂದರೆ 7/4ರಿಂದ ಗುಣಿಸುವುದು. ಅಳಿಸಬೇಕಾದರೆ 4/7ರಿಂದ ಗುಣಿಸಬೇಕು. 4/7 ಅಂದರೆ 1ರಲ್ಲಿ 3/7 ಕಡಿಮೆ. ಆ 3/7 ಅಲ್ಲಿಂದಲೇ ಬಂತು.

ಇದು ಹಳೇ ಕಾಲದ ಒಗಟು ಅಂತ ಬಿಟ್ಟುಬಿಡಬೇಡಿ. ನಿಮ್ಮ ಜೇಬಿನಲ್ಲಿರುವ ಬಿಲ್ಲನ್ನು ನೋಡಿ. ಒಂದು ವಸ್ತುವಿಗೆ ಶೇಕಡಾ 18 ಜಿಎಸ್‌ಟಿ ಅಂದುಕೊಳ್ಳಿ. ಎಂಆರ್‌ಪಿ ಅಂದರೆ ಎಲ್ಲ ತೆರಿಗೆ ಸೇರಿದ ಬೆಲೆ. ತೆರಿಗೆ ಸೇರಿ 1,180 ರೂಪಾಯಿ ಇದ್ದರೆ ತೆರಿಗೆ ಬಿಟ್ಟು ಎಷ್ಟು? 1,180ರ ಶೇಕಡಾ 18 ತೆಗೆಯುವವರು ಬಹಳ ಜನ. ಅದು 212 ರೂಪಾಯಿ 40 ಪೈಸೆ. ಉಳಿಯುವುದು 967 ರೂಪಾಯಿ 60 ಪೈಸೆ. ಈ ಮೊತ್ತಕ್ಕೆ ಮತ್ತೆ ಶೇಕಡಾ 18 ಸೇರಿಸಿ ನೋಡಿ, 1,180 ಬರುವುದಿಲ್ಲ. ತೆರಿಗೆ ಹಾಕಿದ್ದು ಮೂಲ ಬೆಲೆಯ ಮೇಲೆ, 1,180ರ ಮೇಲಲ್ಲ. ಭಾಸ್ಕರಾಚಾರ್ಯರ ಸೂತ್ರ ಹಚ್ಚಿ. ಕೂಡಿಸಿದ್ದು 18/100. ಛೇದಕ್ಕೆ ಅಂಶ ಸೇರಿಸಿದರೆ 118. ಕಳೆಯಬೇಕಾದದ್ದು 18/118. 1,180ರ 18/118 ಅಂದರೆ ಸರಿಯಾಗಿ 180. ಉಳಿದದ್ದು 1,000. ಲೆಕ್ಕಪತ್ರ ಬರೆಯುವವರು 1.18ರಿಂದ ಭಾಗಿಸುತ್ತಾರೆ, ಎರಡೂ ಒಂದೇ. 2017ರ ಜುಲೈ 1ರಂದು ಜಿಎಸ್‌ಟಿ ಬಂದಮೇಲೆ ಸಣ್ಣ ಅಂಗಡಿಯವರೂ ಕಲಿಯಬೇಕಾಗಿ ಬಂದ ಈ ಲೆಕ್ಕ ಹನ್ನೆರಡನೇ ಶತಮಾನದ ಪುಸ್ತಕದಲ್ಲಿ ಸೂತ್ರವಾಗಿ ಕೂತಿದೆ.

ರಿಯಾಯಿತಿಯ ಬೋರ್ಡಿಗೂ ಇದನ್ನೇ ಹಚ್ಚಬಹುದು. ಶೇಕಡಾ 20 ರಿಯಾಯಿತಿ ಕಳೆದು ಸೀರೆಗೆ 800 ರೂಪಾಯಿ ಕೊಟ್ಟಿರಿ. ಮೊದಲಿನ ಬೆಲೆ 960 ಅಲ್ಲ. ಕಳೆದದ್ದು 1/5, ಛೇದದಿಂದ 1 ಹೋದರೆ 4, ಕೂಡಿಸಬೇಕಾದದ್ದು 1/4. 800ಕ್ಕೆ 200 ಸೇರಿದರೆ 1,000. ಶೇಕಡಾ 20 ಇಳಿದದ್ದು ಮತ್ತೆ ಮೇಲೇರಬೇಕಾದರೆ ಶೇಕಡಾ 25 ಬೇಕು. ಸಂಬಳ ಕಡಿತವಾದವರಿಗೆ, ಷೇರಿನಲ್ಲಿ ದುಡ್ಡು ಹಾಕಿದವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು.

ಲೀಲಾವತಿಯ ಲೆಕ್ಕದಲ್ಲಿ ಒಂದು ಕಡೆ ನಾನು ಬೇಗ ದಾಟಿಬಂದೆ. 196ರ ವರ್ಗಮೂಲ 14 ಅಂದೆವು. −14 ಕೂಡ ಆಗಬಹುದಲ್ವಾ? ಅದರಿಂದ ಹಿಂದಕ್ಕೆ ಹೊರಟರೆ −21, −147, −84, ಕೊನೆಗೆ −28. ಈ −28ನ್ನು ಪ್ರಶ್ನೆಗೆ ಹಾಕಿ ನೋಡಿ, ಅದೂ 2ಕ್ಕೇ ಬರುತ್ತದೆ. ಅಂದರೆ ಉತ್ತರ 2 ಅಂತ ಮಾತ್ರ ಹೇಳಿದರೆ, ಹೊರಟದ್ದು 28ರಿಂದಲೋ −28ರಿಂದಲೋ ತಿಳಿಯುವುದಿಲ್ಲ. ವರ್ಗ ಮಾಡುವ ಹೆಜ್ಜೆಯಲ್ಲಿ ಚಿಹ್ನೆಯ ಸುಳಿವು ಅಳಿದುಹೋಯಿತು. ಉಳಿದ ಹೆಜ್ಜೆಗಳಲ್ಲಿ, ಅಂದರೆ ಗುಣಿಸು, ಭಾಗಿಸು, ಕೂಡಿಸು, ಕಳೆ ಅನ್ನುವ ರೇಖಾತ್ಮಕ ಹೆಜ್ಜೆಗಳಲ್ಲಿ ಏನೂ ಕಳೆದುಹೋಗುವುದಿಲ್ಲ. ದ್ವಿತೀಯ ಪಿಯುಸಿಯ ಮೊದಲ ಅಧ್ಯಾಯದಲ್ಲಿ "ಒಂದಕ್ಕೊಂದು" ಫಂಕ್ಷನ್ ಅಂತ ಬರುತ್ತದಲ್ಲ, ಅದರ ಅರ್ಥ ಇದೇ. ಬೇರೆ ಬೇರೆ ಸಂಖ್ಯೆ ಹಾಕಿದರೆ ಬೇರೆ ಬೇರೆ ಉತ್ತರವೇ ಬರಬೇಕು. ಹಾಗಿದ್ದರೆ ಮಾತ್ರ ಹಿಂದಿರುಗಲು ಸಾಧ್ಯ.

ರೇಖಾತ್ಮಕ ಫಂಕ್ಷನ್ನಿಗೂ ಒಂದು ಷರತ್ತು ಇದೆ. ಗುಣಕ ಸೊನ್ನೆ ಆಗಬಾರದು. ಸೊನ್ನೆಯಿಂದ ಗುಣಿಸಿದರೆ ಎಲ್ಲವೂ ಒಂದೇ ಉತ್ತರಕ್ಕೆ ಹೋಗಿ ಬೀಳುತ್ತವೆ, ಗೆರೆ ಮಟ್ಟಸವಾಗಿ ಮಲಗುತ್ತದೆ. ಬೆಂಗಳೂರಿನ ಆಟೋ ಮೀಟರಿನಲ್ಲಿ ಎರಡೂ ಬಗೆ ಒಟ್ಟಿಗೇ ಸಿಗುತ್ತವೆ. 2025ರ ಆಗಸ್ಟ್‌ನಿಂದ ಜಾರಿಗೆ ಬಂದ ದರದಲ್ಲಿ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಮೀಟರಿನಲ್ಲಿ 90 ಬಂದಿದ್ದರೆ 36 ಕಳೆಯಿರಿ, 54. ಅದನ್ನು 18ರಿಂದ ಭಾಗಿಸಿ, 3. ಮೊದಲಿನ 2 ಸೇರಿಸಿ, 5 ಕಿಲೋಮೀಟರು. ಸೂಕ್ಷ್ಮವಾಗಿ ನೋಡಿದರೆ 90ನ್ನು ನೇರವಾಗಿ 18ರಿಂದ ಭಾಗಿಸಿದರೂ 5 ಬರುತ್ತದೆ. 36 ಅನ್ನುವುದು 18ರ ಎರಡರಷ್ಟೇ ಆಗಿರುವುದರಿಂದ ಹೀಗೆ. ಆದರೆ ಮೀಟರಿನಲ್ಲಿ 36 ಇದ್ದರೆ ಎಷ್ಟು ದೂರ ಹೋದಿರಿ? ಅರ್ಧ ಕಿಲೋಮೀಟರು ಇರಬಹುದು, ಒಂದೂವರೆ ಇರಬಹುದು. ದುಡ್ಡು ನೋಡಿ ದೂರ ಹೇಳಲು ಆಗುವುದಿಲ್ಲ. ಗ್ರಾಫಿನಲ್ಲಿ 2 ಕಿಲೋಮೀಟರಿನವರೆಗೆ ಮಟ್ಟಸ ಗೆರೆ, ಅಲ್ಲಿಗೆ ಇನ್ವರ್ಸ್ ಇಲ್ಲ. ಆಮೇಲೆ ಏರುವ ಗೆರೆ, ಅಲ್ಲಿಗೆ ಇದೆ.

ಇಷ್ಟು ಹೊತ್ತು ಸಂಖ್ಯೆಗಳು ಎಲ್ಲಿಯವರೆಗೆ ಬೇಕಾದರೂ ಹೋಗುತ್ತಿದ್ದವು. ಈಗ ಅವನ್ನು ಒಂದು ಚಕ್ರದಲ್ಲಿ ಕೂರಿಸೋಣ. ಶಾಲೆಯಲ್ಲಿ ಕಲಿಯುವ ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರ: ಸ್ವರ 13, ಯೋಗವಾಹ 2, ವ್ಯಂಜನ 34. ಅ ಅಕ್ಷರಕ್ಕೆ 0, ಆ ಅಕ್ಷರಕ್ಕೆ 1 ಅಂತ ಶುರು ಮಾಡಿ ಳ ಅಕ್ಷರಕ್ಕೆ 48ರವರೆಗೆ ನಂಬರು ಕೊಡೋಣ. ಗುಪ್ತಲಿಪಿಯ ನಿಯಮ: ಅಕ್ಷರದ ನಂಬರನ್ನು 3ರಿಂದ ಗುಣಿಸು, 5 ಕೂಡಿಸು, 49ರಿಂದ ಭಾಗಿಸಿ ಶೇಷ ಇಟ್ಟುಕೊ. "ಮರ" ಅನ್ನುವ ಪದ ತೆಗೆದುಕೊಳ್ಳಿ. ಮ ನಂಬರು 39. ಮೂರರಿಂದ ಗುಣಿಸಿದರೆ 117, 5 ಕೂಡಿದರೆ 122, ಎರಡು ಸಲ 49 ಹೋದರೆ 24. ಅದು ಞ. ರ ನಂಬರು 41. 123, 128, ಎರಡು ಸಲ 49 ಹೋದರೆ 30. ಅದು ತ. "ಮರ" ಹೋಗಿ "ಞತ" ಆಯಿತು.

ಇದನ್ನು ಓದಬೇಕಾದವರು ಹಿಂದಕ್ಕೆ ಬರಬೇಕು. 5 ಕಳೆಯುವುದು ಸುಲಭ. ಆದರೆ 3ರಿಂದ ಭಾಗಿಸುವುದು ಹೇಗೆ? ತ ನಂಬರು 30, 5 ಕಳೆದರೆ 25. 25ನ್ನು 3ರಿಂದ ಭಾಗಿಸಿದರೆ ಪೂರ್ಣ ಸಂಖ್ಯೆ ಬರುವುದಿಲ್ಲ. 8.33ನೇ ಅಕ್ಷರ ಅಂತ ಯಾವುದೂ ಇಲ್ಲ. ಇಲ್ಲಿ "3ನ್ನು ಅಳಿಸುವ ಸಂಖ್ಯೆ" ಬೇರೆ. 3ರಿಂದ ಗುಣಿಸಿ 49ರಿಂದ ಭಾಗಿಸಿದಾಗ ಶೇಷ 1 ಬರುವ ಸಂಖ್ಯೆ ಬೇಕು. ಅದು 33. 33 × 3 = 99, ಎರಡು ಸಲ 49 ಹೋದರೆ 1. ಹಾಗಾಗಿ ಭಾಗಿಸುವ ಬದಲು 33ರಿಂದ ಗುಣಿಸಬೇಕು. 25 × 33 = 825. ಅದರಲ್ಲಿ ಹದಿನಾರು ಸಲ 49, ಅಂದರೆ 784 ಹೋದರೆ 41. ರ ವಾಪಸ್ ಬಂತು. ಞ ನಂಬರು 24, 5 ಕಳೆದರೆ 19, 19 × 33 = 627, ಹನ್ನೆರಡು ಸಲ 49, ಅಂದರೆ 588 ಹೋದರೆ 39. ಮ ಬಂತು.

3ರ ಬದಲು 7ರಿಂದ ಗುಣಿಸಿದ್ದರೆ ಏನಾಗುತ್ತಿತ್ತು ಅಂತ ಮನೆಯಲ್ಲಿ ಮಾಡಿ ನೋಡಿ. ಅ ನಂಬರು 0, ಅದು 5ಕ್ಕೆ ಹೋಗುತ್ತದೆ. ಎ ನಂಬರು 7, ಏಳೇಳಲ 49, ಅದೂ 5ಕ್ಕೇ ಹೋಗುತ್ತದೆ. ಎರಡೂ ಊ ಆಗಿಬಿಟ್ಟವು. 49 ಅಕ್ಷರಗಳೂ ಬರೀ ಏಳು ಅಕ್ಷರಗಳಲ್ಲಿ ತುಂಬಿಕೊಳ್ಳುತ್ತವೆ. ಬರೆದವರಿಗೇ ಮತ್ತೆ ಓದಲು ಬರುವುದಿಲ್ಲ. 49ರಲ್ಲಿ 7 ಅಡಗಿರುವುದೇ ಇದಕ್ಕೆ ಕಾರಣ. ಚಕ್ರದಲ್ಲಿ ಗುಣಕ ಸೊನ್ನೆ ಆಗದಿದ್ದರೆ ಸಾಲದು, 49ರ ಜೊತೆ ಅದಕ್ಕೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇರಬಾರದು.

33ನ್ನು ನಾನು ಊಹಿಸಿ ಹೇಳಿದೆ ಅನ್ನಿಸಬಹುದು. ಚಿಕ್ಕ ಸಂಖ್ಯೆಗೆ ಊಹೆ ಸಾಕು. ದೊಡ್ಡದಕ್ಕೆ ಒಂದು ಕ್ರಮ ಬೇಕು. ಆ ಕ್ರಮವನ್ನು ನಮ್ಮವರು ಕುಟ್ಟಕ ಅಂತ ಕರೆದರು. ಅದೂ ಆರ್ಯಭಟನದ್ದೇ, ಅದೇ 33 ಶ್ಲೋಕಗಳ ಕೊನೆಯ ಎರಡರಲ್ಲಿದೆ. ದೊಡ್ಡ ಸಂಖ್ಯೆಗಳನ್ನು ಒಂದನ್ನೊಂದು ಭಾಗಿಸುತ್ತಾ, ಶೇಷಗಳನ್ನು ಚಿಕ್ಕದು ಮಾಡುತ್ತಾ ಹೋಗುವ ವಿಧಾನ. ಗ್ರಹಗಳ ಲೆಕ್ಕಕ್ಕೆ ಅದು ಬಳಕೆಯಾಯಿತು. ಇವತ್ತು ಇಂಟರ್ನೆಟ್ಟಿನ ಗುಪ್ತಲಿಪಿಗಳಲ್ಲಿ ಅಳಿಸುವ ಸಂಖ್ಯೆ ಹುಡುಕುವಾಗ ಕಂಪ್ಯೂಟರು ಮಾಡುವ ಕೆಲಸವೂ ಇದೇ ಜಾತಿಯದ್ದು. ನಾವೀಗ ಮಾಡಿದ "ಮರ"ದ ಲಿಪಿಯನ್ನು ಮಾತ್ರ ಯಾರು ಬೇಕಾದರೂ ಸ್ವಲ್ಪ ಹೊತ್ತಿನಲ್ಲಿ ಒಡೆಯಬಹುದು. ಕಲಿಯಲಿಕ್ಕೆ ಚೆನ್ನ, ಪಾಸ್‌ವರ್ಡ್ ಅಡಗಿಸಲು ಸಾಲದು.

ಗ್ರಾಫಿನ ಬಗ್ಗೆ ಸ್ವಲ್ಪ. ಅಕ್ಷರ ಅದಲು ಬದಲಿಗೆ ಅರ್ಥ ಸಿಗುವ ಜಾಗ ಇದು. ಸೆಲ್ಸಿಯಸ್‌ನಿಂದ ಫ್ಯಾರನ್‌ಹೀಟ್ ಕೊಡುವ ಗೆರೆ (0, 32) ಮತ್ತು (100, 212) ಎಂಬ ಬಿಂದುಗಳ ಮೂಲಕ ಹೋಗುತ್ತದೆ. ಇನ್ವರ್ಸಿನ ಗೆರೆ (32, 0) ಮತ್ತು (212, 100) ಮೂಲಕ ಹೋಗುತ್ತದೆ. ವೈ = ಎಕ್ಸ್ ಎಂಬ ಓರೆ ಗೆರೆಯ ಉದ್ದಕ್ಕೆ ಕಾಗದ ಮಡಚಿದರೆ ಒಂದು ಗೆರೆ ಇನ್ನೊಂದರ ಮೇಲೆ ಕೂರುತ್ತದೆ. ಎರಡೂ ಸೇರುವುದು (−40, −40) ಎಂಬಲ್ಲಿ. ಮೈನಸ್ ನಲವತ್ತು ಡಿಗ್ರಿ ಅಂದರೆ ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಅಂತ ಕೇಳುವ ಅಗತ್ಯವೇ ಇಲ್ಲ.

ಸೆಲ್ಸಿಯಸ್ ಹೆಸರು ಬಂದಿದ್ದಕ್ಕೆ ಒಂದು ವಿಷಯ ಹೇಳಬೇಕು. ಸ್ವೀಡನ್ನಿನ ಖಗೋಳ ವಿಜ್ಞಾನಿ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ತನ್ನ ಅಳತೆಯನ್ನು ಮುಂದಿಟ್ಟಾಗ ಅದು ಇವತ್ತಿನ ಅಳತೆಗೆ ಉಲ್ಟಾ ಇತ್ತು. ನೀರು ಕುದಿಯುವಾಗ 0, ಹೆಪ್ಪುಗಟ್ಟುವಾಗ 100. ಈಗಿನ ಕ್ರಮ ಆಮೇಲೆ ಬಂತು. ಆ ಹಳೇ ಅಳತೆಯಿಂದ ಹೊಸದಕ್ಕೆ ಬರಲು 100ರಿಂದ ಕಳೆಯಬೇಕು. ವೈ = 100 − ಎಕ್ಸ್. ಹೊಸದರಿಂದ ಹಳೆಯದಕ್ಕೆ ಹೋಗಲು? ಅದಕ್ಕೂ 100ರಿಂದಲೇ ಕಳೆಯಬೇಕು. 30 ಇದ್ದದ್ದು 70, 70 ಇದ್ದದ್ದು 30. ಈ ಫಂಕ್ಷನ್ನಿಗೆ ಅದೇ ಇನ್ವರ್ಸ್. ರೇಖಾತ್ಮಕ ಫಂಕ್ಷನ್ನುಗಳಲ್ಲಿ ಹೀಗೆ ತನಗೆ ತಾನೇ ಇನ್ವರ್ಸ್ ಆಗುವವು ಎರಡೇ ಬಗೆ. ಏನೂ ಮಾಡದ ವೈ = ಎಕ್ಸ್ ಒಂದು, ಯಾವುದಾದರೂ ಒಂದು ಸಂಖ್ಯೆಯಿಂದ ಎಕ್ಸನ್ನು ಕಳೆಯುವುದು ಇನ್ನೊಂದು. ಯಾಕೆ ಅಂತ ತೋರಿಸುವುದು ಕಷ್ಟವಿಲ್ಲ. ಗುಣಕವನ್ನು ಅದರಿಂದಲೇ ಗುಣಿಸಿದರೆ 1 ಬರಬೇಕು. ಹಾಗಾಗಿ ಗುಣಕ 1 ಅಥವಾ −1. ಗುಣಕ 1 ಆದರೆ ಕೂಡಿಸುವುದು ಸೊನ್ನೆ ಆಗಲೇಬೇಕು, ಇಲ್ಲದಿದ್ದರೆ ಎರಡು ಸಲ ಕೂಡಿದ್ದು ಉಳಿದುಬಿಡುತ್ತದೆ. ಗುಣಕ −1 ಆದರೆ ಏನು ಬೇಕಾದರೂ ಕೂಡಿಸಬಹುದು.

ಮಾತು ಮುಗಿದಮೇಲೆ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದರು: "ಸರ್, ಫಂಕ್ಷನ್ ಮತ್ತು ಇನ್ವರ್ಸ್ ಗೆರೆಗಳು ಯಾವಾಗಲೂ ಆ ಓರೆ ಗೆರೆಯ ಮೇಲೇ ಸೇರುತ್ತವಾ?" ಬಹಳ ಒಳ್ಳೆಯ ಪ್ರಶ್ನೆ. ಅಲ್ಲಿ ಕೊಟ್ಟ ಉತ್ತರವನ್ನು ಇಲ್ಲೂ ಬರೆಯುತ್ತೇನೆ. ಇಳಿಜಾರು 1 ಅಥವಾ −1 ಆಗಿರದಿದ್ದರೆ, ಹೌದು, ಒಂದೇ ಒಂದು ಬಿಂದುವಿನಲ್ಲಿ, ಅದೂ ಓರೆ ಗೆರೆಯ ಮೇಲೇ. ವೈ = 3ಎಕ್ಸ್ + 7 ತೆಗೆದುಕೊಳ್ಳಿ. ಹಾಕಿದ್ದೇ ವಾಪಸ್ ಬರುವ ಸಂಖ್ಯೆ −3.5. ಮೂರರಿಂದ ಗುಣಿಸಿದರೆ −10.5, ಏಳು ಕೂಡಿದರೆ ಮತ್ತೆ −3.5. ಇನ್ವರ್ಸಿನಲ್ಲೂ −3.5ರಲ್ಲಿ 7 ಕಳೆದರೆ −10.5, ಮೂರರಿಂದ ಭಾಗಿಸಿದರೆ −3.5. ಎರಡು ಗೆರೆಗಳೂ ಸೇರುವುದು ಅಲ್ಲೇ. ಇಳಿಜಾರು 1 ಆದರೆ ವಿಷಯ ಬೇರೆ. ವೈ = ಎಕ್ಸ್ + 7 ಮತ್ತು ಅದರ ಇನ್ವರ್ಸ್ ವೈ = ಎಕ್ಸ್ − 7 ಸಮಾಂತರ ಗೆರೆಗಳು, ಎಲ್ಲೂ ಸೇರುವುದಿಲ್ಲ. ಇಳಿಜಾರು −1 ಆದರೆ ಫಂಕ್ಷನ್ನೂ ಇನ್ವರ್ಸೂ ಒಂದೇ ಗೆರೆ, ಹಾಗಾಗಿ ಎಲ್ಲ ಕಡೆಯೂ ಸೇರಿವೆ. ವೈ = 100 − ಎಕ್ಸ್‌ನಲ್ಲಿ (30, 70) ಎರಡರ ಮೇಲೂ ಇದೆ, (70, 30) ಕೂಡ ಎರಡರ ಮೇಲೂ ಇದೆ. ಓರೆ ಗೆರೆಯ ಮೇಲೆ ಬೀಳುವುದು (50, 50) ಒಂದೇ.